ಪಿಎಂ-ಕಿಸಾನ್ ಕಂತು ನಿಂತಿದ್ದರೆ ಮೊದಲು ನೋಡಬೇಕಾದದ್ದು

ಕೃಷಿಕರಿಗೆ ಕೇಂದ್ರ ಸರಕಾರ ಕೊಡುವ ಪಿಎಂ-ಕಿಸಾನ್ ಯೋಜನೆಯ ವರ್ಷದ 6,000 ರೂಪಾಯಿ ಏಪ್ರಿಲ್, ಆಗಸ್ಟ್ ಮತ್ತು ಡಿಸೆಂಬರ್ ತಿಂಗಳಿಂದ ಆರಂಭವಾಗುವ ನಾಲ್ಕು ತಿಂಗಳ ಅವಧಿಗಳಿಗೆ ತಲಾ 2,000ದಂತೆ ಅವರ ಖಾತೆಗೆ ನೇರವಾಗಿ ಜಮೆಯಾಗಬೇಕು. ಒಂದು ಕಂತು ತಪ್ಪಿದೊಡನೆ ಅಕ್ಷಯ ಕೇಂದ್ರಕ್ಕೆ (ಕೇರಳ ಸರಕಾರದ ಆನ್‌ಲೈನ್ ಸೇವಾ ಕೇಂದ್ರ) ಹೋಗಿ ಹೊಸ ಅರ್ಜಿ ಹಾಕಿಸುವವರು ನಮ್ಮ ಕಾಸರಗೋಡಿನ ಕಡೆ ಕಡಿಮೆಯೇನಿಲ್ಲ. ಅದು ಬೇಡ. ಯೋಜನೆಯ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಕೊಟ್ಟು ಫಲಾನುಭವಿಯ ಸ್ಥಿತಿಯನ್ನು ತೆರೆದರೆ ಲ್ಯಾಂಡ್ ಸೀಡಿಂಗ್ (ಭೂದಾಖಲೆಯ ಜೋಡಣೆ), ಇ-ಕೆವೈಸಿ (ಆಧಾರ್ ಮೂಲಕ ಗುರುತಿನ ದೃಢೀಕರಣ), ಬ್ಯಾಂಕ್ ಖಾತೆಯ ಆಧಾರ್ ಸೀಡಿಂಗ್ (ಆಧಾರ್ ಜೋಡಣೆ) ಎಂಬ ಮೂರು ಸಾಲುಗಳು ಕಾಣುತ್ತವೆ. ಯಾವುದರ ಮುಂದೆ ‘ನೋ’ ಎಂದಿದೆಯೋ ಅದನ್ನಷ್ಟೇ ಸರಿಪಡಿಸಿದರೆ ಸಾಕು.

ಭೂಮಿಯ ಸಾಲಿನಲ್ಲಿ ತೊಡಕಿದ್ದರೆ ಈ ವರ್ಷದ ತೀರ್ವೆ (ಭೂಕಂದಾಯ) ರಶೀದಿ ಮತ್ತು ಆಧಾರ್ ಹಿಡಿದು ಕೃಷಿ ಇಲಾಖೆಯ ಸ್ಥಳೀಯ ಕಚೇರಿಯಾದ ಕೃಷಿಭವನಕ್ಕೆ ಹೋಗಬೇಕು. ಹೋಗುವ ಮೊದಲು ರಶೀದಿಯಲ್ಲಿರುವ ಹೆಸರನ್ನು ಓದಿಸಿಕೊಳ್ಳಿ. ಅಜ್ಜನ ಜಾಗದ ದಸ್ತಾವೇಜಿನಲ್ಲಿ ಕನ್ನಡದಲ್ಲಿದ್ದ ಹೆಸರು ವಿಲೇಜ್ ಆಫೀಸಿನ ಮಲಯಾಳಕ್ಕೆ, ಅಲ್ಲಿಂದ ಆಧಾರ್ ಕಾರ್ಡಿನ ಇಂಗ್ಲಿಷಿಗೆ ದಾಟುವಷ್ಟರಲ್ಲಿ ‘ಭಟ್’ ‘ಭಟ್ಟ’ನಾಗಿರುವುದೂ ಮನೆಯ ಹೆಸರು ಇನಿಶಿಯಲ್ಲಾಗಿ ಉಳಿದಿರುವುದೂ ಉಂಟು. ಪಾಲುಪಟ್ಟಿಯಾಗಿದ್ದರೂ ಪೋಕುವರವು (ದಾಖಲೆಯಲ್ಲಿ ಒಡೆಯನ ಹೆಸರಿನ ಬದಲಾವಣೆ) ಆಗದೆ ತೀರ್ವೆ ಇನ್ನೂ ತಂದೆಯ ಹೆಸರಿನಲ್ಲಿಯೇ ಇದ್ದರೆ ಅದನ್ನು ಮೊದಲು ಮಾಡಿಸಿಕೊಳ್ಳಬೇಕು. ಆದರೆ ಒಡೆತನಕ್ಕೆ ಯೋಜನೆ ಇಟ್ಟಿರುವ ಗಡು 2019ರ ಫೆಬ್ರವರಿ 1 ಎಂಬುದನ್ನು ಮರೆಯಬಾರದು. ಆ ಮೇಲಿನ ಹಸ್ತಾಂತರಗಳಲ್ಲಿ ಮರಣಾನಂತರ ವಾರಸುದಾರಿಕೆಯಿಂದ ಬಂದದ್ದಕ್ಕೆ ವಿನಾಯಿತಿ ಇದೆ.

ಇ-ಕೆವೈಸಿ ಸುಲಭ. ಮೊಬೈಲ್ ಸಂಖ್ಯೆ ಆಧಾರಿಗೆ ಜೋಡಣೆಯಾಗಿದ್ದರೆ ಮನೆಯಲ್ಲಿ ಕುಳಿತೇ ಒಟಿಪಿಯಿಂದ ಮುಗಿಯುತ್ತದೆ. ವರ್ಷಗಟ್ಟಲೆ ಅಡಿಕೆ ಸುಲಿದು ಸವೆದ ಬೆರಳನ್ನು ಬೆರಳಚ್ಚಿನ ಯಂತ್ರ ಗುರುತಿಸದಿದ್ದಾಗ ಹಿರಿಯರು ಸೀರೆಯ ಸೆರಗಿಗೋ ಬೈರಾಸಿಗೋ ಒರೆಸಿ ಮತ್ತೆ ಮತ್ತೆ ಒತ್ತುತ್ತಾರೆ. ಅದಕ್ಕಿಂತ ಯೋಜನೆಯ ಆ್ಯಪಿನಲ್ಲಿ ಮುಖ ತೋರಿಸಿ ದೃಢೀಕರಿಸುವುದು ಮೇಲು.

ಹೆಚ್ಚು ಜನ ಎಡವುವುದು ಬ್ಯಾಂಕಿನ ವಿಷಯದಲ್ಲಿ ಎಂದು ನನಗನಿಸುತ್ತದೆ. ಹಣ ಆಧಾರ್ ಆಧಾರಿತ ಪಾವತಿಯಾಗಿ ಬರುವುದರಿಂದ ಅರ್ಜಿಯಲ್ಲಿ ಬರೆದ ಖಾತೆಗೇ ಬರಬೇಕೆಂದಿಲ್ಲ, ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಪಟ್ಟಿಯಲ್ಲಿ ಕೊನೆಯದಾಗಿ ಆಧಾರಿಗೆ ಜೋಡಣೆಯಾದ ಬ್ಯಾಂಕಿಗೆ ಹೋಗುತ್ತದೆ. ನಮ್ಮ ಮನೆಯಲ್ಲಿಯೇ ಒಂದು ವರ್ಷದ ಕಂತು ಬರಲಿಲ್ಲವೆಂದು ಪಾಸ್‌ಬುಕ್ ಹಿಡಿದು ಅಲೆದಿದ್ದೆವು. ಕೊನೆಗೆ ನೋಡಿದರೆ ಮೂರು ಕಂತೂ ಗ್ಯಾಸ್ ಸಬ್ಸಿಡಿಗೆಂದು ತೆರೆದು ಮರೆತಿದ್ದ ಇನ್ನೊಂದು ಖಾತೆಯಲ್ಲಿದ್ದವು. ಯಾವ ಬ್ಯಾಂಕು ಜೋಡಣೆಯಾಗಿದೆ ಎಂಬುದನ್ನು ಮೈ ಆಧಾರ್ ಜಾಲತಾಣ ತೋರಿಸುತ್ತದೆ. ಬದಲಾಯಿಸಬೇಕಾದರೆ ಬೇಕಾದ ಬ್ಯಾಂಕಿನ ಶಾಖೆಗೆ ಹೋಗಿ ‘ಆಧಾರ್ ಲಿಂಕ್ ಮಾಡಿ’ ಎನ್ನದೆ ‘ಡಿಬಿಟಿಗಾಗಿ (ನೇರ ನಗದು ವರ್ಗಾವಣೆಗಾಗಿ) ಎನ್‌ಪಿಸಿಐ ಸೀಡಿಂಗ್ ಮಾಡಿ’ ಎಂದೇ ಕೇಳಿ ಬರೆದು ಕೊಡಬೇಕು. ಎರಡೂ ಬೇರೆ ಬೇರೆ ಕೆಲಸಗಳು.

ಮೂರೂ ಸಾಲು ಸರಿಯಿದ್ದೂ ಹಣ ಬಾರದಿದ್ದರೆ ಯೋಜನೆಯ ಸಹಾಯವಾಣಿ 155261ಕ್ಕೆ ಕರೆ ಮಾಡಬಹುದು. ಅದಕ್ಕೂ ಮುನ್ನ ಅರ್ಹತೆಯನ್ನು ನೋಡಿಕೊಳ್ಳಿ: ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು ಸೇರಿ ಒಂದೇ ಕುಟುಂಬವೆಂದು ಲೆಕ್ಕ, ಅವರಲ್ಲಿ ಒಬ್ಬರು ಹಿಂದಿನ ತೆರಿಗೆ ನಿರ್ಧಾರಣಾ ವರ್ಷದಲ್ಲಿ ಆದಾಯ ತೆರಿಗೆ ಕಟ್ಟಿದ್ದರೂ, ಸರಕಾರಿ ಸೇವೆಯಿಂದ ನಿವೃತ್ತರಾಗಿ ತಿಂಗಳಿಗೆ 10,000 ರೂಪಾಯಿ ಅಥವಾ ಹೆಚ್ಚು ಪಿಂಚಣಿ ಪಡೆಯುತ್ತಿದ್ದರೂ ಸಹಾಯಧನ ಸಲ್ಲುವುದಿಲ್ಲ. ಪಿಂಚಣಿಯ ಮಾತಿನಲ್ಲಿ ನಾಲ್ಕನೇ ದರ್ಜೆಯ ನೌಕರರಿಗೆ ಮಾತ್ರ ರಿಯಾಯಿತಿ ಇದೆ.