ಯಂತ್ರ ಹೇಳಿದ್ದನ್ನು ಅಳೆದು ನೋಡುವ ಕೆಲಸ

ರೇಡಿಯೇಷನ್ ವಿಭಾಗಕ್ಕೆ ಬರುವ ರೋಗಿಗಳು ಡಾಕ್ಟರನ್ನು ನೋಡುತ್ತಾರೆ, ಯಂತ್ರದ ಮೇಲೆ ಮಲಗಿಸುವ ಟೆಕ್ನಾಲಜಿಸ್ಟನ್ನು ನೋಡುತ್ತಾರೆ. ನಮ್ಮನ್ನು ನೋಡುವುದು ಕಡಿಮೆ. ನಾನು ಮೆಡಿಕಲ್ ಫಿಸಿಸಿಸ್ಟ್. ಕ್ಯಾನ್ಸರ್ ಗಡ್ಡೆಗೆ ಎಷ್ಟು ಡೋಸ್, ಅಂದರೆ ಎಷ್ಟು ಪ್ರಮಾಣದ ರೇಡಿಯೇಷನ್ ಬೇಕು ಅಂತ ಡಾಕ್ಟರ್ ಬರೆಯುತ್ತಾರೆ. ಅಷ್ಟೇ ಡೋಸ್ ಅದೇ ಜಾಗಕ್ಕೆ ಬೀಳುತ್ತದೆ ಅಂತ ಅಳೆದು ಸಹಿ ಹಾಕುವುದು ನನ್ನ ಕೆಲಸ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಫಿಸಿಕ್ಸ್ ಮುಗಿಸಿದಾಗ ಮನೆಯಲ್ಲಿ ಎಲ್ಲರೂ ಹೇಳಿದ್ದು ಬಿ.ಎಡ್. ಮಾಡು ಅಂತ. ಆಸ್ಪತ್ರೆಯಲ್ಲೂ ಫಿಸಿಕ್ಸ್ ಓದಿದವರಿಗೆ ಕೆಲಸ ಇದೆ ಅಂತ ತಿಳಿಸಿದ್ದು ನಮ್ಮ ನ್ಯೂಕ್ಲಿಯರ್ ಫಿಸಿಕ್ಸ್ ಮೇಷ್ಟ್ರು. ಮುಂಬೈನ ಬಾರ್ಕ್, ಅಂದರೆ ಭಾಭಾ ಅಣು ಸಂಶೋಧನಾ ಕೇಂದ್ರ, ರೇಡಿಯಾಲಜಿಕಲ್ ಫಿಸಿಕ್ಸ್‌ನಲ್ಲಿ ಒಂದು ವರ್ಷದ ಡಿಪ್ಲೊಮಾ ನಡೆಸುತ್ತದೆ. ಸೀಟು ಕಡಿಮೆ, ಅರ್ಜಿ ಜಾಸ್ತಿ. ಪರೀಕ್ಷೆ ಬರೆದೆ, ಸಂದರ್ಶನಕ್ಕೆ ಕರೆದರು, ಸೀಟು ಸಿಕ್ಕಿತು. ಅದಾದ ಮೇಲೆ ಆಸ್ಪತ್ರೆಯಲ್ಲಿ ಒಂದು ವರ್ಷ ಇಂಟರ್ನ್‌ಶಿಪ್. ಆಮೇಲೆ ರೇಡಿಯೇಷನ್ ಸುರಕ್ಷತಾ ಅಧಿಕಾರಿ, ಅಂದರೆ ಆರ್‌ಎಸ್‌ಒ ಪರೀಕ್ಷೆ. ನಮ್ಮ ದೇಶದಲ್ಲಿ ಇದನ್ನೆಲ್ಲ ನೋಡಿಕೊಳ್ಳುವುದು 1983ರಲ್ಲಿ ಶುರುವಾದ ಎಇಆರ್‌ಬಿ, ಅಣುಶಕ್ತಿ ನಿಯಂತ್ರಣ ಮಂಡಳಿ. ಅವರು ಕೇಳುವ ಅರ್ಹತೆ ಇರುವ ಫಿಸಿಸಿಸ್ಟ್ ಇಲ್ಲದೆ ಯಾವ ಆಸ್ಪತ್ರೆಯೂ ರೇಡಿಯೇಷನ್ ಚಿಕಿತ್ಸೆಯ ಯಂತ್ರ ನಡೆಸುವ ಹಾಗಿಲ್ಲ.

ಈ ಕೆಲಸ ಏನು ಅನ್ನುವುದು ನನಗೆ ನಿಜವಾಗಿ ಗೊತ್ತಾಗಿದ್ದು ಮಂಗಳೂರಿನ ಆಸ್ಪತ್ರೆಯಿಂದ ಬೆಂಗಳೂರಿಗೆ ಬಂದ ಮೇಲೆ.

ನಾವು ಬಳಸುವ ಯಂತ್ರದ ಹೆಸರು ಲಿನಾಕ್. ಅದರಿಂದ ಹೊರಗೆ ಬರುವ ಡೋಸನ್ನು ಅಳೆಯುವುದು ಅಯಾನ್ ಚೇಂಬರ್‌ನಲ್ಲಿ. ನಾವು ಜಾಸ್ತಿ ಬಳಸುವ ಚೇಂಬರಿನ ಒಳಗೆ ಇರುವುದು ಸುಮಾರು 0.6 ಸಿಸಿ ಗಾಳಿ, ಅಷ್ಟೇ. ರೇಡಿಯೇಷನ್ ಬಿದ್ದಾಗ ಆ ಗಾಳಿಯಲ್ಲಿ ವಿದ್ಯುತ್ ಕಣಗಳು ಹುಟ್ಟುತ್ತವೆ, ಅವನ್ನು ಎಣಿಸಿ ಡೋಸ್ ಲೆಕ್ಕ ಹಾಕುತ್ತೇವೆ. ಚೇಂಬರ್ ಮುಚ್ಚಿರುವುದಿಲ್ಲ, ಹೊರಗಿನ ಗಾಳಿಯೇ ಒಳಗೂ ಇರುತ್ತದೆ. ಗಾಳಿ ತೆಳುವಾದರೆ ಕಣಗಳೂ ಕಡಿಮೆ, ರೀಡಿಂಗೂ ಕಡಿಮೆ. ಅದಕ್ಕೇ ಪ್ರತಿ ಸಲ ಅಳೆಯುವಾಗ ತಾಪಮಾನ, ಗಾಳಿಯ ಒತ್ತಡ ಎರಡನ್ನೂ ನೋಡಿ ರೀಡಿಂಗನ್ನು ತಿದ್ದಬೇಕು. 20 ಡಿಗ್ರಿ, 1013.25 ಮಿಲಿಬಾರ್ ಇದ್ದರೆ ತಿದ್ದುವುದೇನೂ ಇಲ್ಲ, ರೀಡಿಂಗನ್ನು ಗುಣಿಸಬೇಕಾದ ಗುಣಕ 1. ಮಂಗಳೂರಿನಲ್ಲಿ ಎಸಿ ರೂಮಿನೊಳಗೆ ಅದು 1.01, 1.02 ಹೀಗೆ ಬರುತ್ತಿತ್ತು. ಇದ್ದೂ ಇಲ್ಲದ ಹಾಗೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಒತ್ತಡ 910 ಮಿಲಿಬಾರ್ ಆಸುಪಾಸು. ಗುಣಕ 1.12ರ ಹತ್ತಿರ ಬರುತ್ತದೆ. ಅಂದರೆ ಅದೇ ಚೇಂಬರ್, ಅದೇ ಡೋಸ್, ಆದರೆ ರೀಡಿಂಗ್ ಶೇಕಡಾ 10ರಷ್ಟು ಕಡಿಮೆ. ಹೊಸ ಆಸ್ಪತ್ರೆಯಲ್ಲಿ ಮೊದಲ ಸಲ ಆ ಸಂಖ್ಯೆ ಬರೆಯುವಾಗ ಸುಮ್ನೆ ಕೂತು ಮತ್ತೆ ಲೆಕ್ಕ ಮಾಡಿದೆ. ಸರಿಯಾಗೇ ಇತ್ತು. ಪುಸ್ತಕದಲ್ಲಿ ಒಂದು ಸಾಲಿನ ಸೂತ್ರ ಅದು, ಊರು ಬದಲಾದಾಗ ಅದರ ಭಾರ ಗೊತ್ತಾಯಿತು.

ಈಗ ನನ್ನ ಹತ್ತಿರ ಬರುವ ಇಂಟರ್ನ್‌ಗಳಿಗೆ ಮೊದಲು ಕಲಿಸುವುದೂ ಇದನ್ನೇ. ಒಬ್ಬ ಹುಡುಗ ಕೇಳಿದ, "ಮೇಡಂ, ಮೊಬೈಲ್‌ನಲ್ಲಿ ಹವಾಮಾನ ತೆಗೆದರೆ ಪ್ರೆಶರ್ ತೋರಿಸುತ್ತಲ್ಲ, ಬ್ಯಾರೋಮೀಟರ್ ಯಾಕೆ ಬೇಕು?" ತೆಗೆದು ನೋಡು ಅಂದೆ. 1012 ಅಂತಿತ್ತು. ರೂಮಿನ ಬ್ಯಾರೋಮೀಟರ್ 911 ತೋರಿಸುತ್ತಿತ್ತು. ಹವಾಮಾನ ವರದಿಯಲ್ಲಿ ಕೊಡುವುದು ಸಮುದ್ರಮಟ್ಟಕ್ಕೆ ಹೊಂದಿಸಿದ ಒತ್ತಡ. ಊರೂರಿನ ಹವಾಮಾನ ಹೋಲಿಸುವವರಿಗೆ ಅದು ಬೇಕು, ನಮಗೆ ಬೇಕಾದದ್ದು ಈ ಕೋಣೆಯ ಗಾಳಿಯ ಒತ್ತಡ. ಆ 1012 ಹಾಕಿ ಲೆಕ್ಕ ಮಾಡಿದರೆ ಏನಾಗುತ್ತದೆ ಹೇಳು ಅಂದೆ. ಅವನೇ ಬೋರ್ಡಿನ ಮೇಲೆ ಬರೆದು ನೋಡಿದ. ಯಂತ್ರ ಡೋಸ್ ಕಡಿಮೆ ಕೊಡುತ್ತಿದೆ ಅಂತ ಅನಿಸುತ್ತದೆ. ಅದನ್ನು ಸರಿ ಮಾಡಲು ಔಟ್‌ಪುಟ್ ಏರಿಸುತ್ತೀಯ. 70 ಗ್ರೇ (ಡೋಸಿನ ಅಳತೆಯ ಮಾನ ಗ್ರೇ) ಸಿಗಬೇಕಾದ ರೋಗಿಗೆ ಸುಮಾರು 78 ಗ್ರೇ ಬೀಳುತ್ತದೆ. ಯಂತ್ರದ ಪರದೆಯ ಮೇಲೆ ಮಾತ್ರ ಎಲ್ಲವೂ ಸರಿಯಾಗೇ ಕಾಣುತ್ತಿರುತ್ತದೆ. ಇಂಥದ್ದು ಒಬ್ಬ ರೋಗಿಗೆ ಆಗಿ ನಿಲ್ಲುವುದಿಲ್ಲ, ಆ ಯಂತ್ರದ ಮೇಲೆ ಮಲಗಿದ ಪ್ರತಿಯೊಬ್ಬರಿಗೂ ಆಗುತ್ತದೆ. ಹುಡುಗ ಆಮೇಲೆ ಆ ಪ್ರಶ್ನೆ ಕೇಳಲಿಲ್ಲ.

ಅದಕ್ಕೇ ನಮ್ಮಲ್ಲಿ ಒಬ್ಬರು ಅಳೆದದ್ದನ್ನು ಇನ್ನೊಬ್ಬರು ನೋಡಲೇಬೇಕು. ಚೇಂಬರನ್ನು ನಿಗದಿತ ಅವಧಿಗೊಮ್ಮೆ ಕ್ಯಾಲಿಬ್ರೇಷನ್‌ಗೆ ಕಳಿಸುತ್ತೇವೆ. ಬೆಳಿಗ್ಗೆ ಮೊದಲ ರೋಗಿ ಒಳಗೆ ಬರುವ ಮುಂಚೆ ಔಟ್‌ಪುಟ್ ನೋಡುತ್ತೇವೆ. ಇರಬೇಕಾದ್ದಕ್ಕೂ ಅಳೆದದ್ದಕ್ಕೂ ವ್ಯತ್ಯಾಸ ಶೇಕಡಾ 3 ದಾಟಿದ್ದರೆ ಯಂತ್ರ ಶುರು ಮಾಡುವುದಿಲ್ಲ. ತಿಂಗಳ ಪರೀಕ್ಷೆಯಲ್ಲಿ ಮಿತಿ ಇನ್ನೂ ಬಿಗಿ, ಶೇಕಡಾ 2.

ನನಗೆ ಹೆಚ್ಚು ಇಷ್ಟದ ಭಾಗ ಪ್ಲಾನಿಂಗ್. ನಮ್ಮಲ್ಲಿಗೆ ಬಾಯಿ, ಗಂಟಲಿನ ಕ್ಯಾನ್ಸರ್ ರೋಗಿಗಳು ತುಂಬಾ ಬರುತ್ತಾರೆ. ತಂಬಾಕು, ಅಡಿಕೆ, ಗುಟ್ಕಾ. ಇವರಿಗೆ ಸಾಮಾನ್ಯವಾಗಿ 66ರಿಂದ 70 ಗ್ರೇ, ವಾರಕ್ಕೆ ಐದು ದಿನದಂತೆ ಆರೇಳು ವಾರ. ಮುಖಕ್ಕೆ ಹೊಂದುವ ಪ್ಲಾಸ್ಟಿಕ್ ಮಾಸ್ಕ್ ಮಾಡಿ, ಅದನ್ನು ಹಾಕಿಯೇ ಸಿಟಿ ಸ್ಕ್ಯಾನ್ ತೆಗೆಯುತ್ತಾರೆ. ಡಾಕ್ಟರ್ ಆ ಸ್ಕ್ಯಾನಿನ ಮೇಲೆ ಗಡ್ಡೆಯನ್ನೂ ಕಾಪಾಡಬೇಕಾದ ಅಂಗಗಳನ್ನೂ ಗೆರೆ ಹಾಕಿ ಕೊಡುತ್ತಾರೆ. ಅಲ್ಲಿಂದ ಮುಂದೆ ನಾನು. ಗಡ್ಡೆಗೆ 70 ಬೀಳಬೇಕು, ಅದರ ಹಿಂದೆಯೇ ಇರುವ ಬೆನ್ನುಹುರಿಗೆ 45 ದಾಟಬಾರದು. ಎಂಜಲು ಗ್ರಂಥಿಗೆ ಸರಾಸರಿ 26ರ ಒಳಗೆ ಇಟ್ಟರೆ ಮುಂದೆ ಅವರ ಬಾಯಿ ಅಷ್ಟೊಂದು ಒಣಗುವುದಿಲ್ಲ, ಮುದ್ದೆ, ಅನ್ನ ನುಂಗಬಹುದು. ಎರಡೂ ಕಡೆಯ ಗ್ರಂಥಿ ಉಳಿಸಲು ಆಗದಿದ್ದಾಗ ಒಂದನ್ನಾದರೂ ಉಳಿಸಲು ಎಷ್ಟೋ ಹೊತ್ತು ಕೂರುತ್ತೇನೆ. ಕಂಪ್ಯೂಟರ್ ಒಂದು ಪ್ಲಾನ್ ಕೊಡುತ್ತದೆ ನಿಜ. ಅದು ಕೊಟ್ಟದ್ದಕ್ಕಿಂತ ಒಳ್ಳೆಯದು ಸಾಧ್ಯವಾ ಅಂತ ಕೇಳುವವರು ಬೇಕಲ್ವಾ?

ಹೀಗೆ ಮಾಡಿದ ಪ್ಲಾನನ್ನು ರೋಗಿಯ ಮೇಲೆ ಹಾಕುವ ಮುಂಚೆ ಫ್ಯಾಂಟಮ್, ಅಂದರೆ ರೋಗಿಯ ಮೈಯ ಬದಲಿಗೆ ಇಡುವ ಅಳತೆಯ ಸಾಧನದ ಮೇಲೆ ನಡೆಸಿ ಅಳೆಯುತ್ತೇವೆ. ಹಗಲೆಲ್ಲ ರೋಗಿಗಳೇ ಇರುವುದರಿಂದ ಇದಕ್ಕೆ ಯಂತ್ರ ಸಿಗುವುದು ಸಂಜೆ ಮೇಲೆ. ಈ ವೃತ್ತಿಗೆ ಬರುವವರು ಇದನ್ನು ತಿಳಿದುಕೊಂಡೇ ಬರಬೇಕು, ರಾತ್ರಿ ತಡವಾಗುತ್ತದೆ.

ಇನ್ನೊಂದು. ಮೂರ್ನಾಲ್ಕು ವಾರ ಆಗುವಷ್ಟರಲ್ಲಿ ಬಾಯಿ ಹುಣ್ಣಾಗಿ ರೋಗಿ ಊಟ ಬಿಡುತ್ತಾರೆ, ತೂಕ ಇಳಿಯುತ್ತದೆ. ಬಿಗಿಯಾಗಿದ್ದ ಮಾಸ್ಕ್ ಸಡಿಲವಾಗುತ್ತದೆ. ಮಾಸ್ಕಿನೊಳಗೆ ಮುಖ ಅಲುಗಿದರೆ ನಾವು ಉಳಿಸಿದ ಬೆನ್ನುಹುರಿ ಉಳಿಯುತ್ತದೆ ಅಂತ ಹೇಳಲಾಗುವುದಿಲ್ಲ. ಇದನ್ನು ಮೊದಲು ಗಮನಿಸುವುದು ಟೆಕ್ನಾಲಜಿಸ್ಟ್. ಅವರು "ಮೇಡಂ, ಮಾಸ್ಕ್ ಲೂಸ್ ಆಗಿದೆ" ಅಂದರೆ ನಾನು ಎದ್ದು ಹೋಗಿ ನೋಡುತ್ತೇನೆ. ಬೇಕಾದರೆ ಡಾಕ್ಟರಿಗೆ ಹೇಳಿ ಹೊಸ ಮಾಸ್ಕ್, ಹೊಸ ಸ್ಕ್ಯಾನ್, ಹೊಸ ಪ್ಲಾನ್.

ಕಷ್ಟದ ಭಾಗ ಯಂತ್ರ ಕೆಟ್ಟಾಗ. ನಾನು ಹಿಂದೆ ಇದ್ದ ಒಂದು ಆಸ್ಪತ್ರೆಯಲ್ಲಿ ಎಂಜಿನಿಯರ್ ಮಧ್ಯಾಹ್ನ ಒಂದು ಬೋರ್ಡ್ ಬದಲಾಯಿಸಿ ಯಂತ್ರ ಸರಿಹೋಯಿತು ಅಂದರು. ಹೊರಗೆ ರಾಯಚೂರು, ಕೊಪ್ಪಳದಿಂದ ಬಂದು ಧರ್ಮಶಾಲೆಯಲ್ಲಿದ್ದವರು ಬೆಳಿಗ್ಗೆಯಿಂದ ಕಾಯುತ್ತಿದ್ದರು. ಆಡಳಿತದವರು ಫೋನ್ ಮಾಡಿ, ಎಂಜಿನಿಯರೇ ಸರಿ ಅಂದ ಮೇಲೆ ಶುರು ಮಾಡಿ ಅಂದರು. ಅಳೆಯದೆ ಮಾಡುವುದಿಲ್ಲ ಅಂದೆ. ಅಳೆದರೆ ಔಟ್‌ಪುಟ್ ಶೇಕಡಾ 4 ಜಾಸ್ತಿ ಇತ್ತು. ಸರಿ ಮಾಡಿ, ಮತ್ತೆ ಅಳೆದು ಶುರು ಮಾಡುವಾಗ ಸಂಜೆ. ಜೋರು ಮಾತು ಬಂತು, ಕೇಳಿಸಿಕೊಂಡೆ.

ಹಾಗಂತ ನಿಲ್ಲಿಸುವುದು ಸುಲಭದ ತೀರ್ಮಾನ ಅಲ್ಲ. ಗರ್ಭಕೋಶದ ಕೊರಳಿನ ಕ್ಯಾನ್ಸರ್‌ಗೆ ರೇಡಿಯೇಷನ್ ಮೂಲವನ್ನು ಮೈಯ ಒಳಗಿಟ್ಟು ಕೊಡುವ ಚಿಕಿತ್ಸೆಯೂ ಸೇರಿ ಎಂಟು ವಾರದಲ್ಲಿ ಎಲ್ಲ ಮುಗಿಯಬೇಕು. ದಿನಗಳು ಎಳೆದಷ್ಟೂ ಗುಣವಾಗುವ ಅವಕಾಶ ಕಡಿಮೆಯಾಗುತ್ತದೆ. ಅದಕ್ಕೆ ಯಂತ್ರ ನಿಂತ ದಿನವೇ ಯಾರ್‍ಯಾರಿಗೆ ಎಷ್ಟು ದಿನ ಹೋಯಿತು ಅಂತ ಪಟ್ಟಿ ಮಾಡುತ್ತೇವೆ. ಶನಿವಾರ ಕರೆಯುತ್ತೇವೆ, ಇಲ್ಲವೇ ಡಾಕ್ಟರ್ ಒಪ್ಪಿದರೆ ಒಂದೇ ದಿನ ಕನಿಷ್ಠ ಆರು ಗಂಟೆ ಬಿಟ್ಟು ಎರಡು ಸಲ ಕೊಡುತ್ತೇವೆ.

ನನ್ನ ಮದುವೆ ಮಾತುಕತೆಯ ಕಾಲದಲ್ಲಿ "ರೇಡಿಯೇಷನ್ ಹತ್ತಿರ ಕೆಲಸ, ಮಕ್ಕಳಾಗುತ್ತಾ?" ಅಂತ ಕೇಳಿದವರಿದ್ದರು. ಈಗಲೂ ವಿದ್ಯಾರ್ಥಿನಿಯರು ತಮ್ಮ ಮನೆಯವರ ಪರವಾಗಿ ಅದೇ ಪ್ರಶ್ನೆ ತರುತ್ತಾರೆ. ಲಿನಾಕ್‌ಗೆ ಕರೆಂಟ್ ಹೋದರೆ ಕಿರಣವೂ ಇಲ್ಲ. ಕಿರಣ ನೇರ ಬೀಳುವ ಗೋಡೆ ಸುಮಾರು ಎರಡು ಮೀಟರ್ ಕಾಂಕ್ರೀಟ್. ನಮಗೆ ಬಿದ್ದ ರೇಡಿಯೇಷನ್ ಅಳೆಯುವ, ಎದೆಯ ಮೇಲಿನ ಟಿಎಲ್‌ಡಿ ಬ್ಯಾಡ್ಜ್ ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಹೋಗುತ್ತದೆ. ನಮಗಿರುವ ಮಿತಿ ವರ್ಷಕ್ಕೆ ಸರಾಸರಿ 20 ಮಿಲಿಸೀವರ್ಟ್. ನನ್ನ ವರದಿಯಲ್ಲಿ ಬರುವುದು ಸೊನ್ನೆಯ ಹತ್ತಿರ. ಗರ್ಭಿಣಿಯಾದರೆ ತಕ್ಷಣ ತಿಳಿಸಬೇಕು, ಆಗ ಮಿತಿ ಇನ್ನೂ ಬಿಗಿಯಾಗುತ್ತದೆ, ಕೆಲಸವನ್ನು ಅದಕ್ಕೆ ಹೊಂದಿಸುತ್ತಾರೆ. ನನಗೂ ಹಾಗೇ ಮಾಡಿದರು.

ರೋಗಿಗಳ ಭಯವೂ ಇದೇ ಬಗೆಯದು. "ಕರೆಂಟ್ ಕೊಟ್ಟಿದ್ದಾರೆ, ಮೊಮ್ಮಗೂನ ಎತ್ಕೋಬಹುದೇನವ್ವಾ?" ಅಂತ ಅಜ್ಜಿಯರು ಕೇಳುತ್ತಾರೆ. ಧಾರಾಳವಾಗಿ ಎತ್ಕೊಳ್ಳಿ ಅಜ್ಜಿ, ಹೊರಗಿನಿಂದ ಕೊಟ್ಟ ಕಿರಣ ಮೈಯಲ್ಲಿ ಉಳಿಯಲ್ಲ ಅಂತ ಹೇಳುತ್ತೇನೆ. ಎಷ್ಟೋ ಮನೆಗಳಲ್ಲಿ ಇಂಥವರ ತಟ್ಟೆ ಲೋಟ ಬೇರೆ ಇಟ್ಟಿರುತ್ತಾರೆ. ಅದನ್ನು ಕೇಳಿದಾಗ ನನಗೆ ಹೊಟ್ಟೆ ಉರಿಯುತ್ತದೆ. ಜೊತೆಗೆ ಬಂದ ಮಗನನ್ನೋ ಸೊಸೆಯನ್ನೋ ಕೂರಿಸಿ ಬಿಡಿಸಿ ಹೇಳುತ್ತೇನೆ.

ಈ ದಾರಿಗೆ ಬರಬೇಕು ಅನ್ನುವವರಿಗೆ ಇಷ್ಟು ಹೇಳಬಲ್ಲೆ. ಡಿಪ್ಲೊಮಾ ಬಿಟ್ಟರೆ ಮೆಡಿಕಲ್ ಫಿಸಿಕ್ಸ್‌ನಲ್ಲೇ ಎಂ.ಎಸ್ಸಿ. ಮಾಡುವ ದಾರಿಯೂ ಇದೆ, ಮಣಿಪಾಲದಲ್ಲೂ ಅಂಥ ಕೋರ್ಸ್ ಇದೆ. ಎಲ್ಲಿಗೇ ಸೇರಿದರೂ ಶುಲ್ಕ ಕಟ್ಟುವ ಮುಂಚೆ ಆ ಕೋರ್ಸನ್ನು ಎಇಆರ್‌ಬಿ ಒಪ್ಪುತ್ತದಾ ಅಂತ ನೋಡಿಕೊಳ್ಳಿ. ಇಂಟರ್ನ್‌ಶಿಪ್ಪಿಗೆ ಆಸ್ಪತ್ರೆ ಆರಿಸುವಾಗ ಕಟ್ಟಡ ನೋಡಬೇಡಿ. ಅಲ್ಲಿನ ಫಿಸಿಸಿಸ್ಟ್ ನಿಮ್ಮ ಕೈಗೆ ಚೇಂಬರ್ ಕೊಡುತ್ತಾರಾ, ಪ್ಲಾನ್ ಮಾಡಲು ಬಿಡುತ್ತಾರಾ ಅಂತ ಅಲ್ಲಿರುವ ಹಳೆಯ ಇಂಟರ್ನ್‌ಗಳನ್ನು ಕೇಳಿ.