ಕೋಡ್ ಹಿಡಿದು ಪೇಟೆಂಟ್ ಕೇಳುವ ಮೊದಲು

ಪ್ರಾಜೆಕ್ಟ್ ಸೀಸನ್ ಬಂತೆಂದರೆ ಕಲಬುರಗಿಯಲ್ಲಿ ಒಬ್ಬರಾದರೂ ಪೆನ್‌ಡ್ರೈವ್ ಹಿಡಿದು ನನ್ನಲ್ಲಿಗೆ ಬರುತ್ತಾರೆ. "ಸರ್, ಎನ್‌ಕ್ರಿಪ್ಷನ್ ಸಾಫ್ಟ್‌ವೇರ್ ಮಾಡೀವ್ರಿ, ಪೇಟೆಂಟ್ ಮಾಡಿಸ್ಬೇಕಾಗ್ಯಾದ." ಎನ್‌ಕ್ರಿಪ್ಷನ್ ಎಂದರೆ ಮಾಹಿತಿಯನ್ನು ಗುಪ್ತಲಿಪಿಗೆ ತಿರುಗಿಸುವುದು. ಪೆನ್‌ಡ್ರೈವ್‌ನಲ್ಲಿ ಬರೀ ಕೋಡ್ ಇರುತ್ತದೆ. ಕೋಡ್‌ಗೆ ಪೇಟೆಂಟ್ ಇಲ್ಲ.

ಮೊದಲು, ಬಾಯಿ ಬಿಡಬೇಡಿ. ಅರ್ಜಿ ಹಾಕುವವರೆಗೆ ಕೋಡ್ ಹಂಚುವ ಗಿಟ್‌ಹಬ್ ತಾಣವೂ ಬೇಡ, ಸೆಮಿನಾರೂ ಬೇಡ. ಆರ್‌ಎಸ್‌ಎ ಎಂಬ ಹೆಸರಾಂತ ಎನ್‌ಕ್ರಿಪ್ಷನ್ ವಿಧಾನದ ವಿವರ 1977ರಲ್ಲಿ ಅರ್ಜಿಗೆ ಮೊದಲೇ ಪತ್ರಿಕೆಯಲ್ಲಿ ಬಂದದ್ದರಿಂದ, 1983ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕರೂ ಬೇರೆ ದೇಶಗಳಲ್ಲಿ ದಾರಿ ಮುಚ್ಚಿತ್ತು.

ಎರಡನೆಯದು, ಕೋಡ್ ಅನ್ನು ಕಾಪಿರೈಟ್‌ಗೆ ಬಿಡಿ. 1957ರ ಕಾಯ್ದೆ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯೆಂದೇ ನೋಡುತ್ತದೆ. ಬರೆದ ಕೂಡಲೇ ಹಕ್ಕು ನಿಮ್ಮದು. ನೋಂದಣಿ ಬೇಕೆಂದರೆ ಕೋಡ್‌ನ ಮೊದಲ 10, ಕೊನೆಯ 10 ಪುಟ ಕೊಡಬೇಕು.

ಮೂರನೆಯದರಲ್ಲಿ ಎಲ್ಲರೂ ಎಡವುತ್ತಾರೆ: ಕ್ಲೇಮ್, ಅಂದರೆ ಯಾವುದರ ಮೇಲೆ ಹಕ್ಕು ಬೇಕೆಂದು ಅರ್ಜಿಯಲ್ಲಿ ಹೇಳುವ ಭಾಗ, ಬರೆಯುವುದು. 1970ರ ಪೇಟೆಂಟ್ ಕಾಯ್ದೆಯ ಕಲಂ 3(ಕೆ) ಗಣಿತದ ವಿಧಾನ, ಅಲ್ಗಾರಿದಂ, ಬರೀ ಪ್ರೋಗ್ರಾಂ ಇವನ್ನು ಆವಿಷ್ಕಾರವೆಂದು ಒಪ್ಪುವುದಿಲ್ಲ. ಎನ್‌ಕ್ರಿಪ್ಷನ್ನಿನ ಹೊಟ್ಟೆಯಲ್ಲಿರುವುದೇ ಗಣಿತ. ಹಾಗಾಗಿ "ಹೊಸ ಕೀಲಿ ಸೂತ್ರ" ಎಂದು ಬರೆದರೆ ಪರೀಕ್ಷಕರ ಆಕ್ಷೇಪ ಗ್ಯಾರಂಟಿ. ಅದೇ ಸೂತ್ರದ ಮುಂದೆ "ಕಂಪ್ಯೂಟರ್ ಮೂಲಕ" ಎಂದು ಅಂಟಿಸಿದರೂ ಸಾಲದು. ನಮ್ಮ ತೊಗರಿ ಮಾರುಕಟ್ಟೆಯ ಎಲೆಕ್ಟ್ರಾನಿಕ್ ತಕ್ಕಡಿಯನ್ನೇ ನೆನೆಯಿರಿ. ತೂಕವನ್ನು ಗುಪ್ತಲಿಪಿಗೆ ತಿರುಗಿಸಿ ಕಳಿಸುವ ಪುಟ್ಟ ಚಿಪ್ ಅದರಲ್ಲಿದೆ ಎನ್ನಿ. ನಿಮ್ಮ ವಿಧಾನದಿಂದ ಆ ಚಿಪ್‌ನ ಮೆಮೊರಿ ಎಷ್ಟು ಉಳಿಯಿತು, ಬ್ಯಾಟರಿ ಎಷ್ಟು ಹೆಚ್ಚು ಬಾಳಿತು, ನಡುವೆ ಸಿಗ್ನಲ್ ಹೋದರೂ ದತ್ತಾಂಶ ಹೇಗೆ ಉಳಿಯಿತು? ಅಳೆದು, ಅಂಕಿಗಳನ್ನು ವಿವರಣೆಯಲ್ಲಿ ಕೊಡಿ. ಕ್ಲೇಮ್‌ನಲ್ಲಿ ಸೆನ್ಸರ್, ಮೆಮೊರಿ, ಪ್ರೊಸೆಸರ್ ಯಾವ ಕ್ರಮದಲ್ಲಿ ಏನು ಮಾಡುತ್ತವೆಂದು ಹೇಳಿ. 2019ರಲ್ಲಿ ದೆಹಲಿ ಹೈಕೋರ್ಟ್ ಫೆರಿದ್ ಅಲ್ಲಾನಿ ಎಂಬವರ ಪೇಟೆಂಟ್ ಪ್ರಕರಣದಲ್ಲಿ ನೋಡಿದ್ದೂ ಇಂಥ ತಾಂತ್ರಿಕ ಪರಿಣಾಮವನ್ನೇ. ಹೀಗೆ ಬರೆದರೂ ಸಿಕ್ಕೇ ಸಿಗುತ್ತದೆಂದು ನಾನು ಹೇಳಲಾರೆ. ಆದರೆ ಕೋಡ್‌ನ ಪುಟಗಳನ್ನು ಲಗತ್ತಿಸಿ ಕಳಿಸುವುದಕ್ಕಿಂತ ನೂರು ಪಾಲು ಲೇಸು.

"ಹದಿನೈದು ದಿನದಲ್ಲಿ ಪೇಟೆಂಟ್" ಎನ್ನುವ ವಾಟ್ಸ್‌ಆ್ಯಪ್ ಏಜೆಂಟರ ಹತ್ತಿರ ಹೋಗಬೇಡಿ. ಬಹಳಷ್ಟು ಸಲ ಅವರು ಕೊಡುವುದು ಡಿಸೈನ್ ನೋಂದಣಿಯ ಪ್ರಮಾಣಪತ್ರ. ಅದು ಡಬ್ಬಿಯ ಆಕಾರಕ್ಕೆ, ಒಳಗಿನ ಕೆಲಸಕ್ಕಲ್ಲ.

ಅರ್ಜಿ ಆನ್‌ಲೈನ್, ಕರ್ನಾಟಕಕ್ಕೆ ಚೆನ್ನೈ ಕಚೇರಿ. ಮೊದಲು ತಾತ್ಕಾಲಿಕ ವಿವರಣೆ, 12 ತಿಂಗಳೊಳಗೆ ಪೂರ್ಣ ವಿವರಣೆ. ಪರೀಕ್ಷೆಗೆ ಬೇರೆ ಅರ್ಜಿ ಹಾಕಬೇಕು, ಮರೆತರೆ ಎಲ್ಲ ವ್ಯರ್ಥ.

ಅರ್ಜಿ ಸೇರಿದ ಮೇಲೆ ಕೋಡ್ ಹೊರಗೆ ಬಿಡಬಹುದು, ಆದರೆ ಅದರ ಜೊತೆಗಿಡುವ ಬಳಕೆಯ ಪರವಾನಗಿಯನ್ನು ಮೊದಲು ಓದಿ. ಅಪಾಚೆ 2.0 ಎಂಬ ಮುಕ್ತ ಪರವಾನಗಿಯಲ್ಲಿ ಬಿಟ್ಟರೆ ಬಳಸುವವರಿಗೆ ನಿಮ್ಮ ಪೇಟೆಂಟ್ ಬಳಕೆಯ ಅನುಮತಿಯೂ ಹೋಗುತ್ತದೆ. ಎಂಐಟಿ ಎಂಬ ಇನ್ನೊಂದು ಮುಕ್ತ ಪರವಾನಗಿಯಲ್ಲಿ ಪೇಟೆಂಟ್ ಎಂಬ ಪದವೇ ಇಲ್ಲ.