ಚಾರ್ಟ್‌ನಲ್ಲಿ 6/6, ಆದ್ರೂ ಸರಿಯಾಗಿ ಕಾಣಲ್ಲ: ಎಂಎಸ್ ಇರುವವರು ಕಣ್ಣಿಗೆ ಏನು ಮಾಡಬಹುದು

ಕಣ್ಣಿನ ಪರೀಕ್ಷೆಯಲ್ಲಿ ಕೊನೇ ಸಾಲಿನವರೆಗೂ ಓದಿದೆ. "6/6 ಇದೆ, ಏನೂ ತೊಂದರೆ ಇಲ್ಲ" ಅಂದರು. ಹೊರಗೆ ಬಂದು ಮೆಟ್ಟಿಲು ಇಳಿಯುವಾಗ ಕೊನೇ ಮೆಟ್ಟಿಲು ಎಲ್ಲಿ ಮುಗಿಯಿತು, ನೆಲ ಎಲ್ಲಿ ಶುರುವಾಯಿತು ಅಂತಲೇ ತಿಳಿಯಲಿಲ್ಲ. ಎರಡೂ ಒಂದೇ ಬೂದು ಬಣ್ಣ. ಗೋಡೆ ಹಿಡಿದುಕೊಂಡು, ಕಾಲಿನಿಂದ ತಡವಿ ತಡವಿ ಇಳಿದೆ.

ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ನರಗಳ ಹೊದಿಕೆಗೆ ಪೆಟ್ಟು ಕೊಡುವ ಕಾಯಿಲೆ. ಅದು ಇರುವ ತುಂಬಾ ಜನರಿಗೆ ಹೀಗೇ ಆಗುತ್ತದೆ. ಚಾರ್ಟ್‌ನಲ್ಲಿ ಇರುವುದು ಅಚ್ಚ ಬಿಳಿ ಮೇಲೆ ಕಡುಕಪ್ಪು ಅಕ್ಷರ. ಹೊರಗಿನ ಜಗತ್ತು ಹಾಗಿಲ್ಲ ಅಲ್ವಾ? ದೃಷ್ಟಿನರದ ಮೇಲಿನ ಮೈಲಿನ್ ಹೊದಿಕೆಗೆ ಪೆಟ್ಟು ಬಿದ್ದಾಗ ಮಸುಕು ಬಣ್ಣಗಳ ನಡುವಿನ ವ್ಯತ್ಯಾಸ, ಅಂದರೆ ಕಾಂಟ್ರಾಸ್ಟ್, ಗುರುತಿಸುವುದು ಕಷ್ಟವಾಗುತ್ತದೆ. ಹಾಗಾಗಿ "ಮಂಜಾಗಿದೆ" ಅಂತ ಹೇಳಿ ಸುಮ್ಮನಾಗಬೇಡಿ. ಮಸುಕು ಅಕ್ಷರಗಳ ಚಾರ್ಟ್, ಬಣ್ಣದ ಪರೀಕ್ಷೆ, ದೃಷ್ಟಿ ಎಷ್ಟು ಅಗಲಕ್ಕೆ ಹರಡಿದೆ ಅಂತ ನೋಡುವ ಫೀಲ್ಡ್ ಟೆಸ್ಟ್, ಓಸಿಟಿ ಸ್ಕ್ಯಾನ್, ಇವನ್ನು ಹೆಸರು ಹಿಡಿದೇ ಕೇಳಿ. ಓಸಿಟಿ ಬೆಳಕಿನಿಂದ ಮಾಡುವ ಸ್ಕ್ಯಾನ್, ಸೂಜಿ ಇಲ್ಲ, ಕೆಲವೇ ನಿಮಿಷದ ಕೆಲಸ. ರೆಟಿನಾ, ಅಂದರೆ ಕಣ್ಣಿನ ಹಿಂಭಾಗದ ಪರದೆ, ಅದರ ನರದ ಪದರ ಎಷ್ಟು ತೆಳುವಾಗಿದೆ ಅಂತ ಅದರಲ್ಲಿ ಗೊತ್ತಾಗುತ್ತದೆ.

ಮೊದಲು, ಯಾವುದಕ್ಕೆ ಓಡಬೇಕು ಅನ್ನೋದು. ಒಂದು ಕಣ್ಣು ಕೆಲವು ಗಂಟೆಗಳಲ್ಲೋ ದಿನಗಳಲ್ಲೋ ಮಸುಕಾಗುತ್ತಾ ಹೋದರೆ, ಕಣ್ಣು ಹೊರಳಿಸಿದಾಗ ನೋವಾದರೆ, ಅದು ಆಪ್ಟಿಕ್ ನ್ಯೂರೈಟಿಸ್, ಅಂದರೆ ದೃಷ್ಟಿನರದ ಉರಿಯೂತ, ಇರಬಹುದು. ಎಂಎಸ್ ಇರುವವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಕಾಯಿಲೆಯ ಮೊದಲ ಸೂಚನೆಯೇ ಇದು. ಸುಮಾರು ಅರ್ಧದಷ್ಟು ಜನರಿಗೆ ಯಾವಾಗಲಾದರೂ ಒಮ್ಮೆ ಬರುತ್ತದೆ. ಮನೆಯಲ್ಲೇ ಒಂದು ಕೆಂಪು ಬಾಟಲಿ ಮುಚ್ಚಳ ಹಿಡಿದು, ಒಂದೊಂದೇ ಕಣ್ಣು ಮುಚ್ಚಿ ನೋಡಿ. ನನಗೆ ಬಲಗಣ್ಣಲ್ಲಿ ಕಡುಕೆಂಪು, ಎಡಗಣ್ಣಲ್ಲಿ ಅದೇ ಮುಚ್ಚಳ ಹಳೇ ಇಟ್ಟಿಗೆ ಬಣ್ಣ, ಬಿಸಿಲಲ್ಲಿ ಒಂದು ವರ್ಷ ಬಿಟ್ಟಿದ್ದರೇನೋ ಅನ್ನುವ ಹಾಗೆ. ಹೀಗೆ ಹೊಸದಾಗಿ ವ್ಯತ್ಯಾಸ ಕಂಡರೆ ಅವತ್ತೇ ನರರೋಗ ವೈದ್ಯರಿಗೆ ಫೋನ್ ಮಾಡಿ.

ಚಿಕಿತ್ಸೆಗೆ ಸಾಮಾನ್ಯವಾಗಿ ರಕ್ತನಾಳದ ಮೂಲಕ ಹೆಚ್ಚು ಪ್ರಮಾಣದ ಸ್ಟೀರಾಯ್ಡ್ ಕೊಡುತ್ತಾರೆ. 1992ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಕಂಡಿದ್ದು ಇದು: ಸ್ಟೀರಾಯ್ಡ್ ಕೊಟ್ಟರೆ ದೃಷ್ಟಿ ಬೇಗ ಮರಳುತ್ತದೆ, ಆದರೆ ಆರು ತಿಂಗಳ ನಂತರ ನೋಡಿದರೆ ಕೊಟ್ಟವರಿಗೂ ಕೊಡದವರಿಗೂ ದೊಡ್ಡ ವ್ಯತ್ಯಾಸ ಇಲ್ಲ. ಮಾಮೂಲಿ ಪ್ರಮಾಣದ ಸ್ಟೀರಾಯ್ಡ್ ಮಾತ್ರೆ ಮಾತ್ರ ತಗೊಂಡವರಿಗೆ ಮತ್ತೆ ಮತ್ತೆ ಬಂದಿದ್ದು ಜಾಸ್ತಿ. ಅದಕ್ಕೇ ಹೇಳೋದು, ಹಿಂದಿನ ಸಲ ಉಳಿದ ಮಾತ್ರೆಗಳನ್ನು ನೀವಾಗೇ ನುಂಗಬೇಡಿ. ಎರಡೂ ಕಣ್ಣು ಒಟ್ಟಿಗೆ ಹೋದರೆ, ಅಥವಾ ದೃಷ್ಟಿ ಪೂರ್ತಿ ಹೋಗಿ ವಾರಗಳಾದರೂ ಮರಳದಿದ್ದರೆ, ಅಕ್ವಪೋರಿನ್-4 ಮತ್ತು ಮಾಗ್ (MOG) ಪ್ರತಿಕಾಯದ ರಕ್ತ ಪರೀಕ್ಷೆ ಆಗಿದೆಯಾ ಅಂತ ಕೇಳಿ. ಆ ಪ್ರತಿಕಾಯಗಳು ಇದ್ದರೆ ಅದು ಎಂಎಸ್ ಥರ ಕಾಣುವ ಬೇರೆ ಕಾಯಿಲೆ, ಔಷಧಿಯೂ ಬೇರೆ.

ಇನ್ನು ಬಿಸಿ. ಬಿಸಿನೀರಿನ ಸ್ನಾನ ಮಾಡಿ ಬಂದಾಗ, ವ್ಯಾಯಾಮ ಮಾಡಿದಾಗ ಕಣ್ಣು ಮಂಜಾಗಿ, ಮೈ ತಣ್ಣಗಾದ ಮೇಲೆ ತಾನಾಗೇ ಸರಿಹೋದರೆ ಹೆದರಬೇಡಿ. 1890ರಲ್ಲಿ ವಿಲ್ಹೆಲ್ಮ್ ಉಟ್‌ಹಾಫ್ ಅನ್ನುವ ಜರ್ಮನ್ ಕಣ್ಣಿನ ವೈದ್ಯ ಇದನ್ನು ಬರೆದಿಟ್ಟರು, ಅವರ ಹೆಸರೇ ಇದಕ್ಕೂ ಬಂತು. ಮೈಲಿನ್ ಕಳೆದುಕೊಂಡ ನರ ಸ್ವಲ್ಪ ಬಿಸಿಯಾದರೂ ಸಂದೇಶ ಸಾಗಿಸಲು ತಡವರಿಸುತ್ತದೆ, ಅಷ್ಟೇ. ಹೊಸ ಪೆಟ್ಟು ಬಿದ್ದಿದೆ ಅಂತಲ್ಲ. ಉಗುರು ಬೆಚ್ಚಗಿನ ನೀರು, ಫ್ಯಾನ್ ಮುಂದೆ ವ್ಯಾಯಾಮ, ನಡುವೆ ತಣ್ಣೀರು, ಇಷ್ಟರಲ್ಲೇ ತುಂಬಾ ಸಲ ನಿಭಾಯಿಸಬಹುದು. 24 ಗಂಟೆ ದಾಟಿದರೆ ಮಾತ್ರ ಸುಮ್ನೆ ಕೂರಬೇಡಿ. ಜ್ವರ, ಸೋಂಕು ಇದೆಯಾ ಅಂತಲೂ ನೋಡಿಸಿ.

ಎರಡೆರಡು ಕಾಣುತ್ತಿದ್ದರೆ ಒಂದು ಕಣ್ಣು ಮುಚ್ಚಿ ನೋಡಿ. ಒಂದೇ ಕಂಡರೆ ಎರಡು ಕಣ್ಣುಗಳ ಹೊಂದಾಣಿಕೆ ತಪ್ಪಿದೆ ಅಂತ ಅರ್ಥ. ಓದುವಾಗ, ಟಿವಿ ನೋಡುವಾಗ ಸ್ವಲ್ಪ ಹೊತ್ತು ಪ್ಯಾಚ್ ಹಾಕಬಹುದು, ಕಣ್ಣು ಬದಲಾಯಿಸುತ್ತಾ. ಪ್ಯಾಚ್ ಹಾಕಿದಾಗ ಆಳ, ದೂರ ಸರಿಯಾಗಿ ತಿಳಿಯಲ್ಲ, ಮೆಟ್ಟಿಲ ಹತ್ತಿರ ಹುಷಾರು, ಗಾಡಿಯಂತೂ ಬೇಡವೇ ಬೇಡ. ಸಮಸ್ಯೆ ಒಂದು ಹಂತಕ್ಕೆ ನಿಂತರೆ ಎರಡು ಚಿತ್ರ ಒಂದಾಗಿ ಕಾಣುವ ಹಾಗೆ ಕನ್ನಡಕಕ್ಕೆ ಅಂಟಿಸುವ ಪ್ರಿಸಂ ಹಾಳೆ ಸಿಗುತ್ತದೆ. ನೋಡಿದ್ದೆಲ್ಲ ಅಲುಗಾಡುತ್ತಿದ್ದರೆ ಗ್ಯಾಬಪೆಂಟಿನ್, ಮೆಮಾಂಟಿನ್ ಥರದ ಔಷಧಿ ಕೆಲವರಿಗೆ ಹಿಡಿಯುತ್ತದೆ, ವೈದ್ಯರ ಹತ್ತಿರ ಮಾತಾಡಿ. ಎಂಎಸ್‌ಗೆ ಕೊಡುವ ಫಿಂಗೋಲಿಮಾಡ್ ಔಷಧಿ ತಗೊಳ್ಳುವವರು ಶುರು ಮಾಡಿ 3-4 ತಿಂಗಳಾದಾಗ ರೆಟಿನಾ ತಪಾಸಣೆ ತಪ್ಪಿಸಬೇಡಿ, ಅದರಿಂದ ಕೆಲವರಿಗೆ ಮ್ಯಾಕ್ಯುಲಾ, ಅಂದರೆ ರೆಟಿನಾದ ನಡುಭಾಗ, ಊದಿಕೊಳ್ಳುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ಹುಷಾರಾಗಿರಬೇಕು.

ಮನೆಯಲ್ಲಿ ನನಗೆ ಅತಿ ಹೆಚ್ಚು ಉಪಯೋಗ ಆಗಿದ್ದು ಹಳದಿ ಟೇಪ್. ಪ್ರತಿ ಮೆಟ್ಟಿಲಿನ ಅಂಚಿಗೆ ಎರಡು ಬೆರಳಗಲ ಅಂಟಿಸಿದೆ, ಅವತ್ತಿನಿಂದ ಗೋಡೆ ಹಿಡಿಯೋದು ನಿಂತಿತು. ಬಿಳಿ ಲೋಟಕ್ಕೆ ಹಾಲು ಹಾಕಿದರೆ ಎಲ್ಲಿಗೆ ಬಂತು ಗೊತ್ತಾಗಲ್ಲ, ಕಪ್ಪು ಲೋಟ ಇಟ್ಟುಕೊಳ್ಳಿ. ದೀಪ ಕಣ್ಣಿಗೆ ಹೊಡೆಯದ ಹಾಗೆ ಭುಜದ ಹಿಂದಿನಿಂದ ಬೀಳಲಿ. ಫೋನಲ್ಲಿ ಅಕ್ಷರ ದೊಡ್ಡದೂ ದಪ್ಪವೂ ಮಾಡಿಕೊಳ್ಳಿ, ಕಪ್ಪು ಹಿನ್ನೆಲೆ ಕೆಲವರಿಗೆ ಹಿತ, ಕೆಲವರಿಗೆ ಇನ್ನೂ ತ್ರಾಸ, ನೀವೇ ಎರಡು ದಿನ ನೋಡಿ. ಕಣ್ಣು ಸೋತಾಗ ಫೋನಲ್ಲೇ ಇರುವ ಟಾಕ್‌ಬ್ಯಾಕ್ (ಆಂಡ್ರಾಯ್ಡ್), ವಾಯ್ಸ್‌ಓವರ್ (ಐಫೋನ್) ಪರದೆ ಮೇಲಿನದನ್ನು ಓದಿ ಹೇಳುತ್ತವೆ. ಮುಸ್ಸಂಜೆ, ಮಂಜು, ಮಳೆಯಲ್ಲಿ ಗಾಡಿ ಓಡಿಸೋದು ನಾನು ಬಿಟ್ಟೆ. ಬೇಜಾರಾಯಿತು ನಿಜ, ಆದರೂ ಬಿಟ್ಟೆ.

ಕೊನೇದಾಗಿ, ಜನರಿಗೆ ಹೇಳಿ. ಈ ತೊಂದರೆ ಹೊರಗೆ ಕಾಣಲ್ಲ, ಹಾಗಾಗಿ ಎದುರಿಗೆ ಬಂದವರನ್ನು ನೋಡಿಯೂ ಮಾತಾಡಿಸಲಿಲ್ಲ ಅಂದುಕೊಳ್ಳುತ್ತಾರೆ. ಹಾಗೆ ಒಂದಿಬ್ಬರು ಸ್ನೇಹಿತರು ನನ್ನಿಂದ ದೂರವಾಗಿದ್ದಾರೆ, ಅದು ಇವತ್ತಿಗೂ ನೋವು. ಈಗ ಹೊಸಬರಿಗೆ ಮೊದಲೇ ಹೇಳಿಬಿಡುತ್ತೇನೆ: "ದೂರದಿಂದ ಮುಖ ಗುರುತು ಸಿಗಲ್ಲ, ಹೆಸರು ಹೇಳಿ ಕರೀರಿ." ನನ್ನ ಮಗಳು ಈಗ ದೂರದಿಂದ ಕೈ ಬೀಸೋದು ಬಿಟ್ಟಿದ್ದಾಳೆ. "ಅಮ್ಮಾ, ನಾನು ಎಡಗಡೆ ಇದ್ದೀನಿ" ಅಂತ ಕೂಗುತ್ತಾಳೆ.